ಕೊನೆಯ ಗದ್ದೆ

ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಕೆರೆಯಿಲ್ಲ.
ಹೆಸರು ಮಾತ್ರ ಇನ್ನೂ ಒದ್ದೆ.

ನಮ್ಮ ಮುತ್ತಜ್ಜ ನೀರುಗಂಟಿಯಂತೆ.
ತೂಬಿನ ಮೇಲೆ ಕೂತು ಬೀಡಿ ಹಚ್ಚಿದರೆ
ಒಂದು ಬೀಡಿ ಸುಡುವಷ್ಟು ಹೊತ್ತು ಮೇಲಿನ ಗದ್ದೆಗೆ,
ಎರಡು ಬೀಡಿ ಕೊನೆಯದಕ್ಕೆ.
ಗಡಿಯಾರ ಇರಲಿಲ್ಲ. ಜಗಳ ಇತ್ತು.

ನಾನೂ ನೀರಿನವನೇ, ನಗರಸಭೆಯಲ್ಲಿ, ಗುತ್ತಿಗೆಗೆ.
ಹಾಸನ ಹಾಸಿಗೆ ಬಿಟ್ಟು ಏಳುವ ಮೊದಲೇ ವಾಲ್ವು ತಿರುಗಿಸುತ್ತೇನೆ,
ತಡವಾದರೆ ಬೈಸಿಕೊಳ್ಳುತ್ತೇನೆ.
ಹೋದ ವರ್ಷ ಪಂಪ್‌ಹೌಸಿನ ಪಕ್ಕ ಕಂಬ ನೆಟ್ಟು
ಬಿಳೀ ಡಬ್ಬಿಯೊಂದನ್ನು ಕೂರಿಸಿದರು.
"ಉಚಿತ ವೈಫೈ. ಸ್ವಿಚ್ಚು ನಿನ್ನ ರೂಮಲ್ಲೇ ಐತೆ, ನೀನೇ ನೋಡ್ಕೊ."
ಸಂಬಳ ಅಷ್ಟೇ.

ಹೀಗೆ ಕಾಣದ್ದೊಂದಕ್ಕೆ ನೀರುಗಂಟಿಯಾದೆ.

ಹರಿಯುತ್ತದಂತೆ. ಕೈಯೊಡ್ಡಿದರೆ ಒದ್ದೆಯಾಗುವುದಿಲ್ಲ.
ಆದರೆ ಜನ ನಿಲ್ಲುವ ಭಂಗಿ ಗೊತ್ತು ನನಗೆ,
ಬೀದಿ ನಲ್ಲಿಯ ಮುಂದೆ ಕೊಡ ಹಿಡಿದವರದೇ:
ಒಂದು ಕಾಲಿಂದ ಇನ್ನೊಂದಕ್ಕೆ ಭಾರ,
ಪಕ್ಕದವರ ಕಡೆ ಇಣುಕು ನೋಟ,
ನಿಮಗೆ ಬಂತಾ? ನಮಗಿನ್ನೂ ಇಲ್ಲ.

ಒಬ್ಬೊಬ್ಬರಿಗೆ ದಿನಕ್ಕೆ ಅರ್ಧ ಗಂಟೆ.
ಶಾಯಿಸ್ತಾ ಹಾಲ್‌ಟಿಕೆಟ್ ಇಳಿಸಿಕೊಂಡು ಓಡುತ್ತಾಳೆ.
ಟೈಲ್ಸ್ ಕೆಲಸದ ಅಸ್ಸಾಮಿನ ಹುಡುಗ
ಅಲ್ಲೆಲ್ಲೋ ತೊಟ್ಟಿಲಲ್ಲಿರುವ ಮಗುವಿಗೆ
ಕ್ಯಾರೆಟ್ ರಾಶಿ ತೋರಿಸುತ್ತಾನೆ.
ಸೊಪ್ಪಿನ ಪುಟ್ಟಲಿಂಗಮ್ಮ ಸೊಸೆಯ ಹಳೇ ಫೋನು ತಂದಳು.
ಒಳಗೆ ಹೋಗಲು ಓಟಿಪಿ ಬೇಕು,
ಓಟಿಪಿ ಬರಲು ಸಿಮ್ಮಿಗೆ ಕರೆನ್ಸಿ ಬೇಕು.
"ಪುಕ್ಕಟೆ ಅಂದ್ಯಲ್ಲೋ?"
"ಪುಕ್ಕಟೆನೇ ಕಣಮ್ಮ."
"ಹಂಗಾರೆ ಬಾಗ್ಲಲ್ಲಿ ನಿಂತು ನಂಬ್ರ ಕೇಳೋನು ಯಾರು?"
ಯಾರೆಂದು ನನಗೂ ತಿಳಿಯದು. ನನ್ನ ನಂಬರೇ ಕೊಟ್ಟೆ.
ಅಂದಿನಿಂದ ನನ್ನ ಲೆಕ್ಕದಲ್ಲಿ
ದಿನಾ ಯಾರದೋ ಸೀಮಂತ, ಯಾರದೋ ನಾಟಿ ಕೋಳಿ ಸಾರು.

ಈರುಳ್ಳಿ ಮಂಡಿ ಕೊನೇ ಮೂಲೆ. ಅಲ್ಲಿ ಜವರ, ಹಮಾಲಿ.
ಕಿವಿ ಕೇಳಿಸದು, ಬಾಯಿ ಬಾರದು.
ಮೂಟೆ ಬಿಟ್ಟು ಏಳುವಂತಿಲ್ಲ.
ಸಂಜೆ ಆರೂವರೆಗೆ ಫೋನನ್ನು ತಕ್ಕಡಿಗೆ ಒರಗಿಸಿ
ಲುಂಗಿಗೆ ಕೈ ಒರೆಸಿಕೊಳ್ಳುತ್ತಾನೆ.
ಎರಡೂ ಕೈ ಬೇಕು ಅವನಿಗೆ ಮಾತಿಗೆ.
ಆ ಕಡೆ ಹೊಳೆನರಸೀಪುರದಲ್ಲಿ ಅಕ್ಕ, ಅವಳೂ ಹಾಗೆಯೇ.
ನಮಗಾದರೆ ಚಿತ್ರ ನಿಂತರೂ ಹಲೋ ಹಲೋ ಉಳಿಯುತ್ತದೆ.

ಅವತ್ತು ಅಕ್ಕನ ಕೈ
ಐದು ಬೆರಳು ಕೂಡಿಸಿಕೊಂಡು
ಎದೆಗೂ ಗಲ್ಲಕ್ಕೂ ನಡುವೆ ನಿಂತುಬಿಟ್ಟಿತು.
ಅದರ ಮೇಲೆ ಸುತ್ತುವ ಬಿಳೀ ಉಂಗುರ.
ಜವರ ಕಣ್ಣು ಕೀಳದೆ ಕಾದ,
ಮಾತಿನ ನಡುವೆ ಎದ್ದುಹೋಗುವುದು
ಮರ್ಯಾದೆಯಲ್ಲ ಎನ್ನುವವನ ಹಾಗೆ.
ಅರ್ಧ ಗಂಟೆ ಸೋರಿಹೋಯಿತು.

ರಾತ್ರಿ ಏಣಿ ಹಾಕಿದೆ.
ವಾಲ್ವಿನ ಸ್ಪ್ಯಾನರೇ ಸಾಕಾಯಿತು.
ಡಬ್ಬಿಯ ಮುಖ ಒಂದು ಗೇಣು, ಮಂಡಿಯ ಕಡೆಗೆ.
ಅಷ್ಟೇ. ಬೀಡಿ ನಾನು ಸೇದುವುದಿಲ್ಲ.

ನಾಕನೇ ದಿನ ಬೇಕರಿ ಸಾಲಿನಿಂದ ದೂರು:
ಕಡ್ಡಿ ಎರಡೇ ತೋರಿಸುತ್ತೆ, ರೀಲ್ಸ್ ಓಡಲ್ಲ.
ಇಂಜಿನಿಯರ್ರು ಬಂದು ಕತ್ತೆತ್ತಿ ನೋಡಿದರು.
"ಯಾರಯ್ಯಾ ತಿರುಗಿಸಿದ್ದು?"
"ಗಾಳಿ ಜೋರಿತ್ತು ಸಾರ್."
"ಗಾಳಿ ಹತ್ರ ಸ್ಪ್ಯಾನರ್ ಇತ್ತಾ?"
ಉತ್ತರಕ್ಕೆ ಕಾಯದೆ ಬೈಕು ಹತ್ತಿದರು.
ನಾಳೆ ಇನ್ನೊಬ್ಬರನ್ನು ಕಳಿಸಿದರೂ ಕಳಿಸಬಹುದು.

ಅವತ್ತೇ ಆರೂವರೆಗೆ ಈರುಳ್ಳಿ ಕೊಳ್ಳುವ ನೆಪದಲ್ಲಿ ಹೋದೆ.
ಅಕ್ಕನ ಕೈ ಎದೆಯಿಂದ ಎದ್ದಿತು,
ಎಲ್ಲೂ ನಿಲ್ಲದೆ ಬಾಯಿ ಮುಟ್ಟಿತು.
ಓ, ಇಷ್ಟೇನಾ ಅವಳು ಕೇಳುತ್ತಿದ್ದದ್ದು!

ಜವರ ಹೂಂ ಎಂದು ಕತ್ತು ಹಾಕಿದ,
ಹೊಟ್ಟೆ ಸವರಿ ತೋರಿಸಿದ.
ಸುಳ್ಳು.
ಬುತ್ತಿ ಡಬ್ಬಿ ಅವನ ಬೆನ್ನ ಹಿಂದೆ
ಕಟ್ಟಿದ ಬಟ್ಟೆ ಬಿಚ್ಚದೆ ಕೂತಿತ್ತು.